ಇನ್ನೂ ಹದ ಬಂದಿಲ್ಲ

ವಿಶ್ವವಿದ್ಯಾಲಯದಿಂದ ಬಂದ ಇಬ್ಬರು ಬೀದಿಯ ತುದಿಯಲ್ಲೇ ನಿಂತುಬಿಟ್ಟರು. ಒಳಗೆ ಕಾಲಿಡಲಿಲ್ಲ. ಬೀದಿಯುದ್ದಕ್ಕೂ ಹಗ್ಗದ ಮೇಲೆ ತೊಗಲು ಒಣಗುತ್ತಿತ್ತು. ಕೊನೆಯಲ್ಲಿ ತೊಗಲು ಹದ ಮಾಡುವ ಕಾರ್ಖಾನೆ. ಹಸಿ ತೊಗಲು, ಸುಣ್ಣ, ಹೆರೆದು ಬಿಸಾಕಿದ ಕೊಬ್ಬು, ಎಲ್ಲದರ ವಾಸನೆ ಒಟ್ಟಾಗಿ ಆ ಬೀದಿಯಲ್ಲೇ ಸಂಸಾರ ಹೂಡಿತ್ತು. ಬಂದವರಲ್ಲಿ ಒಬ್ಬ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡಿದ್ದ. ಇನ್ನೊಬ್ಬನ ಕೈಯಲ್ಲಿ ಧ್ವನಿವರ್ಧಕ.

“ಅಭಿನಂದನೆಗಳು!” ಎಂದು ಧ್ವನಿವರ್ಧಕ ಕೂಗಿತು.

ಕಾರ್ಖಾನೆಯ ಅಂಗಳದಲ್ಲಿದ್ದ ಹೆಂಗಸರು ತಲೆಯೆತ್ತಿದರು. ಆ ಬೀದಿಗೆ ಅಭಿನಂದನೆ ಬಂದದ್ದು ಅದೇ ಮೊದಲು. ಯಾರಿಗೆ ಎಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಈ ವರ್ಷ ಶಾಲೆ ಮುಗಿಸಿದ ಹುಡುಗಿ ಯಾರು?”

“ನಾನು!” ಎಂದಳು ಗೀಚಿ.

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಸಿಕ್ಕಿದ್ದರ ಮೇಲೆಲ್ಲ ಲೆಕ್ಕ ಗೀಚುತ್ತಿದ್ದಳು. ಗೋಡೆಯ ಮೇಲೆ ಇದ್ದಿಲಲ್ಲಿ, ನೆಲದ ಮೇಲೆ ಕಡ್ಡಿಯಲ್ಲಿ, ಒಮ್ಮೆ ಹಸಿ ತೊಗಲಿನ ಬೆನ್ನ ಮೇಲೆ ಸುಣ್ಣದಲ್ಲಿ. ಆ ತೊಗಲಿಗಾಗಿ ಮೇಸ್ತ್ರಿ ಅವಳ ಕೆನ್ನೆಗೆ ಹೊಡೆದಿದ್ದ. ಈಗ ಅವಳು ಮರದ ದಿಮ್ಮಿಯ ಮೇಲೆ ತೊಗಲು ಹಾಸಿ, ಎರಡು ಹಿಡಿಯ ಮೊಂಡುಗತ್ತಿಯಿಂದ ಕೂದಲು ಹೆರೆಯುತ್ತಿದ್ದಳು. ಸುಣ್ಣದ ಗುಂಡಿಯಲ್ಲಿ ನೆನೆದ ತೊಗಲು ಅದು. ಹೊಟ್ಟೆಯನ್ನು ದಿಮ್ಮಿಗೆ ಒತ್ತಿ, ಸೊಂಟ ಬಗ್ಗಿಸಿ, ಮೈಭಾರವನ್ನೆಲ್ಲ ಕತ್ತಿಯ ಮೇಲೆ ಹಾಕಿ ತಳ್ಳಬೇಕು. ಸುಣ್ಣ ಮೊದಲು ತೊಗಲಿನ ಕೂದಲು ತಿನ್ನುತ್ತದೆ. ಆಮೇಲೆ ಹೆರೆಯುವವರ ಉಗುರಿನ ಸಂದು ತಿನ್ನುತ್ತದೆ.

“ಕೇಳಿಸ್ತಿಲ್ಲ!” ಎಂದಿತು ಧ್ವನಿವರ್ಧಕ.

“ಹತ್ರ ಬನ್ನಿ!”

“ಆಗಲ್ಲ!”

ಹೀಗೇ ಮಾತು ನಡೆಯಿತು. ನೀನು ಬೇಕಾದ್ದಕ್ಕಿಂತ ಹೆಚ್ಚು ಅಂಕ ತೆಗೆದಿದ್ದೀಯ ಎಂದಿತು ಅದು. ವಿಶ್ವವಿದ್ಯಾಲಯಕ್ಕೆ ತುಂಬ ಸಂತೋಷವಾಗಿದೆ ಎಂದಿತು. ಆದ್ದರಿಂದ ವಿಶ್ವವಿದ್ಯಾಲಯಕ್ಕೆ ನೇರವಾಗಿ ಬರಬೇಡ, ಮೊದಲು ಪೂರ್ವ ತಯಾರಿ ಕಾರ್ಯಕ್ರಮಕ್ಕೆ ಅರ್ಜಿ ಹಾಕು, ಅದು ನಿಮ್ಮಂಥವರಿಗಾಗಿಯೇ ಇದೆ, ಒಂದೇ ವರ್ಷ, ಊಟ ಬಟ್ಟೆ ಎಲ್ಲ ಅವರದೇ ಎಂದಿತು.

“ಗಣಿತ ಹೇಳ್ಕೊಡ್ತಾರಾ?” ಗೀಚಿ ಕೂಗಿದಳು.

ಇಬ್ಬರೂ ಪರಸ್ಪರ ಪಿಸುಗುಟ್ಟಿದರು. ಧ್ವನಿವರ್ಧಕ ಬಾಯಿಯ ಹತ್ತಿರವೇ ಇದ್ದದ್ದರಿಂದ ಪಿಸುಮಾತು ಇಡೀ ಬೀದಿಗೆ ಕೇಳಿಸಿತು. “ಏನಂತೆ?” “ಗಣಿತವಂತೆ.” “ನಮಗ್ಯಾಕೆ, ಅರ್ಜಿ ಕೊಟ್ಟು ಹೋಗೋಣ.” ಆಮೇಲೆ ಗಂಟಲು ಸರಿಮಾಡಿಕೊಂಡು, “ನಿನ್ನ ಕಲಿಕೆಗೆ ಅಡ್ಡಿಯಾಗಿರೋದು ಏನಾದ್ರೂ ಇದೆಯಾ?” ಎಂದು ಕೇಳಿದರು.

ಉತ್ತರ ಕೊಟ್ಟವಳು ಗೀಚಿಯ ಅಜ್ಜಿ. ಒದ್ದೆ ತೊಗಲು ತುಂಬಿದ ತಳ್ಳುಗಾಡಿಯನ್ನು ಅವಳು ಅವರ ಹಿಂದಿನಿಂದಲೇ ತಳ್ಳಿಕೊಂಡು ಬಂದಿದ್ದಳು.

“ಇದೆ. ನೀವೇ! ಪಕ್ಕಕ್ಕೆ ಸರೀರಿ, ಗಾಡಿ ಹೋಗ್ಬೇಕು!”

ಅವರು ಗೋಡೆಗೆ ಅಂಟಿಕೊಂಡರು. ಗಾಡಿ ಹೋಯಿತು. ಅರ್ಜಿಯನ್ನು ನೆಲದ ಮೇಲಿಟ್ಟು, ಹಾರದ ಹಾಗೆ ಒಂದು ಕಲ್ಲು ಹೇರಿ, ಹೊರಟುಹೋದರು.

*

ಮನೆ ಎಂದರೆ ಒಂದು ಕೋಣೆ. ಮೂಲೆಯಲ್ಲಿ ನೀರಿನ ಡ್ರಮ್ಮು, ಇನ್ನೊಂದು ಮೂಲೆಯಲ್ಲಿ ಒಲೆ, ಎರಡರ ನಡುವೆ ನಾಲ್ಕು ಜನ. ಅಮ್ಮ, ಅಜ್ಜಿ, ಗೀಚಿ, ಚಿಕ್ಕಪ್ಪ. ಗೋಡೆಯ ಮೊಳೆಗೆ ಚಿಕ್ಕಪ್ಪನ ಟೈ ನೇತಾಡುತ್ತಿತ್ತು. ಆ ಬೀದಿಯಲ್ಲಿ ಟೈ ಇದ್ದ ಏಕೈಕ ಮನುಷ್ಯ ಅವನು.

ಎಲ್ಲರೂ ಅವನನ್ನು ತಯಾರಿ ಚಿಕ್ಕಪ್ಪ ಎನ್ನುತ್ತಿದ್ದರು. ವಯಸ್ಸಿನಲ್ಲಿ ಹಿರಿಯರೂ ಹಾಗೇ ಕರೆಯುತ್ತಿದ್ದರು. ಅವನು ಪೂರ್ವ ತಯಾರಿ ಕಾರ್ಯಕ್ರಮ ಸೇರಿದಾಗ ಗೀಚಿ ಹುಟ್ಟಿರಲಿಲ್ಲ. ಒಂದು ವರ್ಷದ ಕೋರ್ಸು. ವರ್ಷದ ಕೊನೆಗೆ ಸಮಿತಿ ಕೂರುತ್ತಿತ್ತು, ಅವನನ್ನು ಮುಂದೆ ನಿಲ್ಲಿಸಿ ಮೇಲಿಂದ ಕೆಳಗೆ ನೋಡುತ್ತಿತ್ತು, “ಇನ್ನೂ ಹದ ಬಂದಿಲ್ಲ” ಎನ್ನುತ್ತಿತ್ತು. ಮತ್ತೆ ಒಂದು ವರ್ಷ. ಈಗ ಅವನ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ಕಾರ್ಖಾನೆಯಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ, ಕೈ ಮೃದುವಾಗಿರಬೇಕು ಎಂಬುದು ಕಾರ್ಯಕ್ರಮದ ನಿಯಮ. ಮನೆಯಲ್ಲಿ ಅನ್ನದ ತಟ್ಟೆ ಎತ್ತಿಕೊಟ್ಟರೂ ಎದ್ದು ನಿಂತು ಧನ್ಯವಾದ ಹೇಳುತ್ತಿದ್ದ.

ಸಮಿತಿಯ ಅಧ್ಯಕ್ಷ ಕಾರ್ಖಾನೆಯ ಧಣಿಯೇ. ಕಾರ್ಯಕ್ರಮದ ಕಟ್ಟಡ ಕಟ್ಟಿಸಿಕೊಟ್ಟದ್ದು ಅವನ ಅಪ್ಪ.

“ತೊಗಲನ್ನ ಹದ ಮಾಡೋದು ದನ ಸತ್ತ ಮೇಲೆ,” ಎಂದಳು ಅಜ್ಜಿ. “ಈ ನನ್ನ ಮಗನ್ನ ಬದುಕಿರುವಾಗಲೇ ಗುಂಡಿಗೆ ಹಾಕಿದ್ರು. ಇನ್ನು ಇವಳನ್ನೂ ಹಾಕ್ತಾರಂತೆ.”

“ನೀವು ಸುಮ್ನಿರಿ ಅತ್ತೆ,” ಎಂದಳು ಅಮ್ಮ. ಅರ್ಜಿಯನ್ನು ಅವಳು ಒಲೆಯಿಂದ ದೂರ, ಡ್ರಮ್ಮಿನ ಮುಚ್ಚಳದ ಮೇಲೆ ಇಟ್ಟಿದ್ದಳು. ಕಾರ್ಯಕ್ರಮಕ್ಕೆ ಅರ್ಜಿ ಹಾಕಿದವರು ವಿಶ್ವವಿದ್ಯಾಲಯಕ್ಕೆ ನೇರವಾಗಿ ಹಾಕುವಂತಿಲ್ಲ. ನೇರವಾಗಿ ಹಾಕಿದವರಿಗೆ ಕಾರ್ಯಕ್ರಮದ ಬಾಗಿಲು ಮುಚ್ಚಿದ ಹಾಗೇ. ಎರಡಕ್ಕೂ ಕಡೆಯ ದಿನ ಒಂದೇ. ಇದನ್ನೆಲ್ಲ ಅರ್ಜಿಯ ಹಿಂದೆ ಸಣ್ಣಕ್ಷರದಲ್ಲಿ ಬರೆದಿದ್ದರು. ಗೀಚಿ ಓದಿ ಹೇಳಿದ್ದಳು.

“ಅಂಕ ಸಾಕು ಅಂತ ಅವರೇ ಹೇಳ್ತಾರೆ. ಮತ್ತೆ ಒಂದು ವರ್ಷ ಯಾಕಮ್ಮ?”

“ಅವರಿಗೆ ಬೇಕಂತೆ, ಕೊಟ್ಬಿಡು. ಒಂದು ವರ್ಷ ತಾನೇ?”

ಹೇಳಿದ ಮೇಲೆ ಅಮ್ಮನೂ, ಅಜ್ಜಿಯೂ, ಗೀಚಿಯೂ ಚಿಕ್ಕಪ್ಪನ ಕಡೆ ನೋಡಿದರು. ಅವನು ಕತ್ತಿನಲ್ಲಿಲ್ಲದ ಟೈ ಸರಿಮಾಡಿಕೊಂಡ.

“ಮೇಸ್ತ್ರಿ ಹೇಳಿ ಕಳಿಸಿದ್ದಾನೆ,” ಎಂದಳು ಅಮ್ಮ, ದನಿ ತಗ್ಗಿಸಿ. “ಈ ಸಲ ಹೊರಗಿನಿಂದ ದೊಡ್ಡೋರು ನೋಡೋಕೆ ಬರ್ತಾರಂತೆ. ನಮ್ಮ ಬೀದಿಯಿಂದ ಒಂದು ಹೆಣ್ಣು ಬೇಕೇ ಬೇಕಂತೆ. ಈ ಮನೆ ಕಾರ್ಖಾನೆಯದು, ನೆನಪಿದೆಯಾ ಅಂತ ಕೇಳಿದ. ನಿಮ್ಮಪ್ಪ ಗುಂಡಿಗೆ ಬಿದ್ದು ಹೋದಾಗ ಈ ಮನೇಲೇ ಇರೋಕೆ ಬಿಟ್ಟಿದ್ದು ಅವರು. ನೀನು ಆಗಲ್ಲ ಅಂದ್ರೆ ನಾವು ಎಲ್ಲಿಗೆ ಹೋಗೋಣ?”

“ಅಪ್ಪ ಬಿದ್ದಿದ್ದೂ ಅವರ ಗುಂಡಿಗೇ ಅಲ್ವಾ?”

ಅಮ್ಮ ಆ ಕಡೆ ತಿರುಗಿದಳು. ಒಲೆ ಊದಿದಳು. ಅದು ಚೆನ್ನಾಗಿಯೇ ಉರಿಯುತ್ತಿತ್ತು.

“ನಾಳೆ ನನ್ನ ಜೊತೆ ಬಾ ಮಗಳೇ,” ಎಂದ ಚಿಕ್ಕಪ್ಪ. “ಕಣ್ಣಾರೆ ನೋಡು, ಆಮೇಲೆ ಹಾಕೋದೋ ಬಿಡೋದೋ ಹೇಳು. ಅಲ್ಲಿ ತುಂಬಾ ನೆರಳಿದೆ.”

*

ಕಟ್ಟಡದ ಬಾಗಿಲಲ್ಲಿ ಒಬ್ಬ ಸ್ಟೂಲಿನ ಮೇಲೆ ಕೂತಿದ್ದ. ಬಂದವರ ಕೈ ಮೂಸಿ ಒಳಗೆ ಬಿಡುವುದು ಅವನ ಕೆಲಸ. ಮೂಸುವವನಿಗೆ ಜೋರು ನೆಗಡಿಯಾಗಿತ್ತು. ಮೂಗು ಒರೆಸಿಕೊಳ್ಳುತ್ತಲೇ ಗೀಚಿಯ ಮಣಿಕಟ್ಟು ಹಿಡಿದು, “ಯಾವ ಬೀದಿ?” ಎಂದ.

ಹೇಳಿದಳು.

“ವಾಸನೆ ಇದೆ. ಆ ಕಡೆ ನಲ್ಲಿ. ಸೋಪು ಹಾಕಿ ತೊಳ್ಕೊಂಡು ಬಾ.”

“ನಿಮಗೆ ನೆಗಡಿ ಅಲ್ವಾ, ಹೇಗೆ ಗೊತ್ತಾಯ್ತು?”

“ನೆಗಡಿಯಾದ್ರೇನು? ವಿಳಾಸ ಕೇಳಿದ್ರೆ ಸಾಕು.”

ಅವಳು ತೊಳೆದುಕೊಂಡು ಬಂದಳು. ಅವನು ಮತ್ತೆ ವಿಳಾಸ ಕೇಳಿದ. ಮತ್ತೆ ನಲ್ಲಿಗೆ ಕಳಿಸಿದ. ಉಗುರಿನ ಸಂದಿನ ಹುಣ್ಣಿಗೆ ಸೋಪು ತಾಗಿ ಕಣ್ಣಲ್ಲಿ ನೀರು ಬಂತು. ಕೊನೆಗೆ ಚಿಕ್ಕಪ್ಪ ಅವನಿಗೆ ಧನ್ಯವಾದ ಹೇಳಿ ಅವಳನ್ನು ಒಳಗೆ ಕರೆದುಕೊಂಡು ಹೋದ.

ದೊಡ್ಡ ಹಾಲಿನಲ್ಲಿ ಪಾಠ ನಡೆಯುತ್ತಿತ್ತು. ಬೋರ್ಡಿನ ಮೇಲೆ ‘ಕುರ್ಚಿ’ ಎಂದು ಬರೆದಿತ್ತು. ಚರಂಡಿ ತೆಗೆಯುವವರ ಮಕ್ಕಳು, ಹೆಣ ಹೊರುವವರ ಮಕ್ಕಳು, ಕಸ ಆಯುವವರ ಮಕ್ಕಳು ಸಾಲಾಗಿ ನಿಂತಿದ್ದರು. ಮೇಷ್ಟ್ರು ಚಪ್ಪಾಳೆ ತಟ್ಟಿದರೆ ಕೂರಬೇಕು, ಇನ್ನೊಂದು ತಟ್ಟಿದರೆ ಏಳಬೇಕು. “ಸದ್ದು! ಸದ್ದು ಮಾಡಿದ್ರಿ!” ಎಂದು ಅವರು ಅಳುವ ದನಿಯಲ್ಲಿ ಹೇಳುತ್ತಿದ್ದರು. “ಕುರ್ಚಿ ಕಂಡೇ ಇಲ್ಲ ಅನ್ನೋ ಹಾಗೆ ಕೂರ್ತೀರಲ್ಲ!”

ಕಾರ್ಯಕ್ರಮದ ಮುಖ್ಯಸ್ಥೆ ಬಂದರು. ಬಹಳ ಮೆದು ಮಾತಿನ ಹೆಂಗಸು. ಗೀಚಿಯ ತಲೆಯ ಮೇಲೆ ಕೈಯಿಡಲು ಬಂದು, ಇಡದೆ, ಗಾಳಿಯಲ್ಲೇ ಸವರಿದರು.

“ಬಾಮ್ಮ. ಏನು ಓದ್ಬೇಕು ಅಂತಿದ್ದೀಯ?”

“ಗಣಿತ ಮೇಡಂ. ಇಲ್ಲಿ ಯಾವಾಗ ಶುರು ಮಾಡ್ತೀರಿ?”

“ಎರಡನೇ ವರ್ಷ.”

“ಕೋರ್ಸು ಒಂದೇ ವರ್ಷ ಅಲ್ವಾ?”

“ಹೌದು,” ಎಂದರು ಅವರು, ಅದೇ ನಗೆಯಲ್ಲಿ.

ಲೈಬ್ರರಿ ತೋರಿಸಿದರು. ಗೋಡೆಯಿಂದ ಗೋಡೆಗೆ ಪುಸ್ತಕ. ಅಷ್ಟು ಪುಸ್ತಕಗಳನ್ನು ಗೀಚಿ ಒಟ್ಟಿಗೆ ನೋಡಿಯೇ ಇರಲಿಲ್ಲ. ಬೆನ್ನ ಮೇಲೆ ಗಣಿತದ ಹೆಸರಿದ್ದ ಒಂದನ್ನು ಎಳೆದಳು. ಅದರ ಜೊತೆ ಇಡೀ ಸಾಲೇ ಹೊರಗೆ ಬಂತು. ಉದ್ದನೆಯ ಹಲಗೆ. ಪುಸ್ತಕಗಳ ಬೆನ್ನಿನ ಹಾಗೆ ಬಣ್ಣ ಹಚ್ಚಿದ್ದರು.

“ನಿಧಾನ, ನಿಧಾನ!” ಎಂದರು ಮುಖ್ಯಸ್ಥೆ. “ಪುಸ್ತಕದ ಮುಂದೆ ನಿಲ್ಲೋದು ಹೇಗೆ ಅನ್ನೋದು ಮೊದಲ ಹಂತ. ತೆರೆಯೋದು ವಿಶ್ವವಿದ್ಯಾಲಯದಲ್ಲಿ.”

ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು. ಧಣಿ ಬಂದಿದ್ದ. ಜೊತೆಗೆ ಹೊರಗಿನಿಂದ ಬಂದ ದೊಡ್ಡವರು, ಕ್ಯಾಮೆರಾ. ಮೇಷ್ಟ್ರು ಓಡಿಹೋಗಿ ಹಾಲಿನ ನಡುವೆ ಒಂದು ಬಾಗಿಲು ತಂದು ನಿಲ್ಲಿಸಿದರು. ಚೌಕಟ್ಟು, ಕದ, ಹಿತ್ತಾಳೆಯ ಹಿಡಿ, ಎಲ್ಲ ಇತ್ತು. ಎರಡೂ ಕಡೆ ಗೋಡೆ ಮಾತ್ರ ಇರಲಿಲ್ಲ. ಈ ಕಡೆಯೂ ಅದೇ ಹಾಲು, ಆ ಕಡೆಯೂ ಅದೇ ಹಾಲು.

“ನಮ್ಮ ಹೆಮ್ಮೆ,” ಎಂದು ಮುಖ್ಯಸ್ಥೆ ಚಿಕ್ಕಪ್ಪನನ್ನು ತೋರಿಸಿದರು.

ಚಿಕ್ಕಪ್ಪ ಟೈ ಸರಿಮಾಡಿಕೊಂಡು ಬಾಗಿಲ ಮುಂದೆ ನಿಂತ. ಆ ಕಡೆ ಧಣಿ ನಿಂತ. ಒಬ್ಬರ ಮೈ ಒಬ್ಬರಿಗೆ ಕದದ ಅಂಚಿನಲ್ಲಿ ಕಾಣುತ್ತಿತ್ತು. ಚಿಕ್ಕಪ್ಪ ಬೆರಳು ಮಡಚಿ ಮೆಲ್ಲಗೆ ತಟ್ಟಿದ. ಕಾದ. ಧಣಿ ಏನೂ ಅನ್ನಲಿಲ್ಲ. ಚಿಕ್ಕಪ್ಪ ಕಾದ. ಧಣಿ ಕೈಗಡಿಯಾರ ನೋಡಿದ, ಅತಿಥಿಗಳ ಕಡೆ ಕಣ್ಣು ಹೊಡೆದ.

“ಬಾ.”

ಚಿಕ್ಕಪ್ಪ ಬಂದ. ಸೊಂಟ ಬಗ್ಗಿಸಿ ಧನ್ಯವಾದ ಹೇಳಿದ.

“ಹಿಡಿ ತಿರುಗಿಸುವಾಗ ಕೈ ನಡುಗಿತು. ಇನ್ನೊಂದ್ಸಲ.”

ಇನ್ನೊಂದು ಸಲ ಆಯಿತು. ಮತ್ತೊಂದು ಸಲ ಆಯಿತು. ಚಿಕ್ಕಪ್ಪನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಅತಿಥಿಗಳು ಚಪ್ಪಾಳೆ ತಟ್ಟಿದರು. ಧಣಿ ಕೈಗವಸು ತೊಟ್ಟ ಕೈಯಿಂದ ಅವನ ಬೆನ್ನು ತಟ್ಟಿದ. ಮೆತ್ತನೆಯ, ಎಳೆಗರುವಿನ ತೊಗಲಿನ ಕೈಗವಸು. ಅಂಥ ತೊಗಲನ್ನು ಹೆರೆಯಲು ಕೊಡುವುದು ಗೀಚಿಗೇ, ಅವಳ ಕೈ ಹಗುರ ಎಂದು.

“ಇನ್ನೂ ಹದ ಬಂದಿಲ್ಲ,” ಎಂದ ಧಣಿ, ಅತಿಥಿಗಳಿಗೆ. “ಆದ್ರೆ ಹತ್ರ ಬಂದಿದ್ದಾನೆ. ಈ ಹುಡುಗಿ ಹೊಸಬಳು. ಮಾಡಮ್ಮ, ನೀನೂ ಮಾಡು.”

ಕ್ಯಾಮೆರಾ ಗೀಚಿಯ ಕಡೆ ತಿರುಗಿತು. ಅವಳು ಬಾಗಿಲ ಮುಂದೆ ನಿಂತಳು. ಚಿಕ್ಕಪ್ಪ ಆ ಕಡೆಯಿಂದ ಬೆರಳು ಮಡಚಿ, ಹೀಗೆ ತಟ್ಟು ಎಂದು ತೋರಿಸಿಕೊಡುತ್ತಿದ್ದ. ಅವನ ಮುಖ ಬೆವರಿನಲ್ಲಿ ತೊಯ್ದಿತ್ತು, ನಗುತ್ತಿತ್ತು.

ಅವಳು ಬಾಗಿಲನ್ನು ಬಿಟ್ಟು, ಅದರ ಪಕ್ಕದಿಂದ ನಡೆದು ಆ ಕಡೆ ಹೋಗಿ ನಿಂತಳು.

ಕ್ಯಾಮೆರಾ ಅವಳ ಹಿಂದೆಯೇ ತಿರುಗಿತು.

“ಬಾಗಿಲಿಂದ ಬರಬೇಕಮ್ಮ,” ಎಂದರು ಮುಖ್ಯಸ್ಥೆ.

“ಗೋಡೆ ಎಲ್ಲಿದೆ ಮೇಡಂ?”

“ಇದೆ ಅಂತ ಅಂದ್ಕೋಬೇಕು.”

“ಯಾರು ಅಂದ್ಕೋಬೇಕು?”

“ನೀನು.”

“ನೀವೂ ಅಂದ್ಕೊಂಡಿದ್ದೀರಾ?”

“ನಮಗೆ ಅದರ ಅವಶ್ಯಕತೆ ಇಲ್ಲಮ್ಮ,” ಎಂದರು ಅವರು, ನಿಜವಾಗಿಯೂ ಅರ್ಥವಾಗದೆ.

ಧಣಿಯ ಮುಖ ಗಂಟಾಯಿತು. “ಯಾರ ಮಗಳು ಇದು?”

“ನಮ್ಮಣ್ಣನ ಮಗಳು ಧಣಿ,” ಚಿಕ್ಕಪ್ಪ ಎರಡು ಹೆಜ್ಜೆ ಮುಂದೆ ಬಂದ. “ಅಣ್ಣ ನಿಮ್ಮ ಸುಣ್ಣದ ಗುಂಡೀಲಿ...”

“ಗೊತ್ತಾಯ್ತು. ಅವನಿಗೂ ಹೀಗೇ, ಮೈಮೇಲೆ ಎಚ್ಚರ ಇರಲಿಲ್ಲ.”

ಗೀಚಿಗೆ ಅಪ್ಪನನ್ನು ಗುಂಡಿಯಿಂದ ಎತ್ತಿದ್ದು ನೆನಪಿತ್ತು. ತೊಗಲೆತ್ತುವ ಕೊಕ್ಕೆಯಿಂದಲೇ ಎತ್ತಿದ್ದರು. ಗುಂಡಿಗೆ ಕಟ್ಟೆ ಇರಲಿಲ್ಲ. ಇವತ್ತಿಗೂ ಇಲ್ಲ.

“ನಾನು ಇಲ್ಲಿಗೆ ಅರ್ಜಿ ಹಾಕಲ್ಲ,” ಎಂದಳು.

“ಏನಂದೆ?”

“ಹಾಕಲ್ಲ. ನಾನು ಗಣಿತ ಓದೋಕೆ ಹೋಗ್ತೀನಿ.”

“ಹಸೀ ತೊಗಲು!” ಎಂದು ಧಣಿ ಅತಿಥಿಗಳ ಕಡೆ ತಿರುಗಿ ನಕ್ಕ. ಅತಿಥಿಗಳು ಇದೂ ಪಾಠದ ಭಾಗವಿರಬೇಕೆಂದುಕೊಂಡು ಮತ್ತೆ ಚಪ್ಪಾಳೆ ತಟ್ಟಿದರು.

*

ಮಾರನೇ ದಿನ ಅಮ್ಮನ ಕೈಯಿಂದ ಕತ್ತಿ ಕಿತ್ತುಕೊಂಡು ಮೇಸ್ತ್ರಿ ಅವಳನ್ನು ಮೋರಿಗೆ ಇಳಿಸಿದ. ಗುಂಡಿಗಳ ಕೊಳೆಯೆಲ್ಲ ಹರಿಯುವ ಮೋರಿ. ಸೊಂಟದವರೆಗೆ ಸುಣ್ಣದ ಕೆಸರು, ಕೂದಲು, ಕೊಳೆತ ಕೊಬ್ಬಿನ ಚೂರು. ಕಟ್ಟಿಕೊಂಡದ್ದನ್ನು ಬರಿಗೈಯಲ್ಲಿ ಬಾಚಿ ಮೇಲೆ ಎಸೆಯಬೇಕು.

“ಮಗಳ ಹೆಸರು ಕಾರ್ಯಕ್ರಮಕ್ಕೆ ಬಂದ ದಿನ ಮೇಲಕ್ಕೆ ಬಾ,” ಎಂದಿದ್ದ.

ಸಂಜೆ ಮನೆಗೆ ಬಂದ ಅಮ್ಮನ ತಲೆಗೂದಲಲ್ಲಿ ಕೊಬ್ಬಿನ ಚೂರು ಅಂಟಿತ್ತು. ತೊಡೆ ಸುಟ್ಟು ಕೆಂಪಾಗಿತ್ತು. ನೀರು ಹಾಕಲು ಹೋದ ಗೀಚಿಯ ಬೆನ್ನಿಗೆ ಒಂದು ಬಾರಿಸಿದಳು.

“ಬಾಗಿಲು ಸುತ್ತಿಕೊಂಡು ಹೋದಳಂತೆ ಬಾಗಿಲು! ತಟ್ಟಿದ್ರೆ ಕೈ ಸವೆದು ಹೋಗ್ತಿತ್ತಾ ನಿಂದು? ಈ ಮೋರೀನ ನಾನು ಯಾವ ಕಡೆಯಿಂದ ಸುತ್ತಿಕೊಂಡು ಹೋಗ್ಲಿ, ಹೇಳು!”

ಗೀಚಿ ಅತ್ತಳು. ಅಜ್ಜಿ ಸೊಸೆಯ ತಲೆಗೆ ನೀರು ಸುರಿದಳು. ಕೂದಲಿಂದ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದಳು.

“ನಾಳೆ ಹೋಗಿ ಹಾಕ್ತೀನಮ್ಮ,” ಎಂದಳು ಗೀಚಿ ಬಿಕ್ಕುತ್ತ. “ಅಲ್ಲಿಗೇ ಹಾಕ್ತೀನಿ. ನೀನು ಮೋರಿಗೆ ಇಳೀಬೇಡ. ಅಲ್ಲಿ ಓದೋಕೆ ಏನೂ ಇಲ್ಲ, ಆದ್ರೂ ಹಾಕ್ತೀನಿ. ಪುಸ್ತಕ ಎಲ್ಲಾ ಹಲಗೆ. ಗಣಿತ ಎರಡನೇ ವರ್ಷವಂತೆ, ಕೋರ್ಸು ಇರೋದೇ ಒಂದು ವರ್ಷ.”

ಅಮ್ಮ ಮುಖದ ನೀರು ಒರೆಸಿಕೊಂಡಳು. “ಏನಂದೆ? ಪುಸ್ತಕ ಏನು?”

“ಹಲಗೆ.”

ಅಮ್ಮ ಮೈದುನನ ಕಡೆ ತಿರುಗಿದಳು. ಅವನು ಹೊಸ್ತಿಲ ಹತ್ತಿರ ಸದ್ದಾಗದ ಹಾಗೆ ಕೂತಿದ್ದ.

“ನಿಜಾನಾ?”

“ಬಣ್ಣ ತುಂಬಾ ಚೆನ್ನಾಗಿ ಹಾಕಿದ್ದಾರೆ ಅತ್ತಿಗೆ.”

“ಮತ್ತೆ ಇಷ್ಟು ವರ್ಷ ನೀನು ಏನು ಓದ್ದೆ?”

ಚಿಕ್ಕಪ್ಪ ಇನ್ನಷ್ಟು ನೆಟ್ಟಗೆ ಕೂತ. ಆಮೇಲೆ, “ಹೆಸರುಗಳು,” ಎಂದ. “ಬೆನ್ನ ಮೇಲೆ ಬರೆದಿದ್ದಾರಲ್ಲ, ಆ ಹೆಸರುಗಳು. ಎಲ್ಲಾ ಬಾಯಿಗೆ ಬರುತ್ತೆ. ಹೇಳ್ಲಾ?”

ಅವನು ಎದ್ದು ನಿಂತು ಹೇಳತೊಡಗಿದ. ಮೇಲಿನ ಸಾಲಿನಿಂದ ಶುರುಮಾಡಿ, ಎಡದಿಂದ ಬಲಕ್ಕೆ, ಒಂದಾದ ಮೇಲೊಂದು ಪುಸ್ತಕದ ಹೆಸರು. ಅನ್ನ ಬೆಂದಿತು. ಅವನು ಇನ್ನೂ ಹೇಳುತ್ತಲೇ ಇದ್ದ. ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಕೂತಳು.

“ಸಾಕು,” ಎಂದಳು ಅಮ್ಮ. ಎದ್ದು ಡ್ರಮ್ಮಿನ ಮೇಲಿದ್ದ ಅರ್ಜಿಯನ್ನು ಎತ್ತಿ ಒಲೆಗೆ ಹಾಕಿದಳು. “ನಾಳೆ ಆ ದೊಡ್ಡ ಆಫೀಸಿಗೇ ಹೋಗು.”

“ಮೋರಿ?”

“ಅದು ನಂದು. ನಾನು ನೋಡ್ಕೋತೀನಿ.”

*

ವಿಶ್ವವಿದ್ಯಾಲಯದ ದೊಡ್ಡ ಆಫೀಸಿನ ಗುಮಾಸ್ತ ಗೀಚಿಯ ಅಂಕಪಟ್ಟಿ ನೋಡಿ ತಲೆಯಾಡಿಸಿದ. ವಿಳಾಸ ನೋಡಿ ತಲೆಯಾಡಿಸುವುದನ್ನು ನಿಲ್ಲಿಸಿದ.

“ಈ ಬೀದಿಯೋರಿಗೆ ಇಲ್ಲಿ ಅಲ್ಲ. ಪೂರ್ವ ತಯಾರಿಗೆ ಹೋಗಿ.”

“ನನಗೆ ಅದು ಬೇಡ ಸರ್.”

“ಬೇಡ ಅಂತ ಪ್ರಮಾಣಪತ್ರ ತನ್ನಿ.”

“ಅದು ಎಲ್ಲಿ ಸಿಗುತ್ತೆ?”

“ಪೂರ್ವ ತಯಾರಿಯಲ್ಲಿ.”

“ಕೇಳಿದ ತಕ್ಷಣ ಕೊಡ್ತಾರಾ?”

“ಅದ್ಹೇಗೆ ಕೊಡ್ತಾರೆ? ಪೂರ್ತಿ ಮುಗಿಸಿದ ಮೇಲೆ ಕೊಡ್ತಾರೆ. ಮುಂದಿನವರು!”

ಗೀಚಿ ಸಾಲಿನ ಕೊನೆಗೆ ಹೋಗಿ ನಿಂತಳು. ಸಾಲು ಕರಗಿ ಮತ್ತೆ ಅವಳ ಸರದಿ ಬಂತು. ಗುಮಾಸ್ತ ಅದನ್ನೇ ಹೇಳಿದ. ಅವಳು ಮತ್ತೆ ಕೊನೆಗೆ ಹೋದಳು. ಅಂದೇ ಕಡೆಯ ದಿನ. ಕಾವಲುಗಾರ ಬಂದು, “ಯಾಕಮ್ಮ ಸುಮ್ನೆ ಕಾಲು ನೋಯಿಸ್ಕೋತೀಯ?” ಎಂದ. ಕಾಲು ನೋಯುತ್ತಿರಲಿಲ್ಲ. ಕೂದಲು ಹೆರೆಯುವವರಿಗೆ ನೆಟ್ಟಗೆ ನಿಲ್ಲುವುದು ವಿಶ್ರಾಂತಿಯೇ.

ಹೊರಗೆ ಕಾಯುತ್ತಿದ್ದ ಅಜ್ಜಿ ಇದನ್ನೆಲ್ಲ ಕಿಟಕಿಯಿಂದ ನೋಡಿದಳು. ನೋಡಿ, ಜೀರುಂಡೆಯಂತಿದ್ದ ಆ ಸಣ್ಣ ಮುದುಕಿ ಬೀದಿಗೆ ಓಡಿದಳು. ಕಾರ್ಖಾನೆಯಲ್ಲಿ ಊಟದ ಗಂಟೆ ಹೊಡೆಯುವ ಹೊತ್ತು.

“ತಗೊಳ್ತಿಲ್ಲ ಕಣೇ!” ಎಂದು ಮೋರಿಯ ಅಂಚಿನಲ್ಲಿ ನಿಂತು ಕೂಗಿದಳು. “ಅರ್ಜೀನೇ ತಗೊಳ್ತಿಲ್ಲ!”

ಅಮ್ಮ ಮೋರಿಯಿಂದ ಮೇಲೆ ಬಂದಳು.

“ಯಾಕೆ ಹತ್ತಿದೆ? ಹೆಸರು ಬಂತಾ?” ಎಂದ ಮೇಸ್ತ್ರಿ.

“ಬರೆಸೋಕೆ ಹೋಗ್ತಿದ್ದೀನಿ.”

“ಕಾಲು ತೊಳ್ಕೊಂಡು ಹೋಗೇ!”

ಅಮ್ಮ ತೊಳೆಯಲಿಲ್ಲ. ದಿಮ್ಮಿಗಳ ಹತ್ತಿರ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಕತ್ತಿ ಇಟ್ಟು ಅವಳ ಹಿಂದೆ ಹೊರಟರು. ಅವರಲ್ಲೂ ಶಾಲೆಗೆ ಹೋಗುವ ಹೆಣ್ಣುಮಕ್ಕಳನ್ನು ಹೆತ್ತವರಿದ್ದರು. ಯಾರೂ ಘೋಷಣೆ ಕೂಗಲಿಲ್ಲ. ರಸ್ತೆಯಲ್ಲಿ ಜನ ತಾವಾಗಿಯೇ ದಾರಿ ಬಿಟ್ಟರು.

ಹೆಂಗಸರು ಆಫೀಸಿನ ಹಾಲಿಗೆ ನುಗ್ಗಿ ನೆಲದ ಮೇಲೆ ಕೂತರು. ಬಿಳಿ ಕಲ್ಲಿನ ನೆಲದ ಮೇಲೆ ಸುಣ್ಣದ ಕೆಸರು ಹರಿಯಿತು. ವಾಸನೆ ಮೆಟ್ಟಿಲು ಹತ್ತಿ ಮೇಲಿನ ಮಹಡಿಗೂ ಹೋಯಿತು. ಸಾಲಿನಲ್ಲಿದ್ದವರು ಬಾಯಿ ಮುಚ್ಚಿಕೊಂಡು ಹೊರಗೆ ಓಡಿದರು.

“ಮುಂದಿನವರು!” ಎಂದ ಗುಮಾಸ್ತ ಅಭ್ಯಾಸಬಲದಿಂದ.

ಗೀಚಿ ಕಿಟಕಿಗೆ ಬಂದಳು.

“ನೀವಲ್ಲ. ಮುಂದಿನವರು!”

ಸಾಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಗುಮಾಸ್ತ ಕತ್ತು ಹೊರಗೆ ಹಾಕಿ ನೋಡಿದ. ಮುಚ್ಚಿಟ್ಟ ಊಟದ ಡಬ್ಬಿಯನ್ನು ಇನ್ನೂ ದೂರಕ್ಕೆ ಸರಿಸಿದ. ಮಹಡಿಯಿಂದ ದೊಡ್ಡ ಸಾಹೇಬರು ಇಳಿದು ಬಂದು ಅರ್ಧ ಮೆಟ್ಟಿಲಲ್ಲೇ ನಿಂತರು.

“ಇವರನ್ನ ಎತ್ತಿ ಹೊರಗೆ ಹಾಕಿ!”

ಕಾವಲುಗಾರ ಹತ್ತಿರ ಹೋದ. ಅಮ್ಮನ ತೋಳಿನಿಂದ ತೊಟ್ಟಿಕ್ಕುತ್ತಿದ್ದುದನ್ನು ನೋಡಿದ. ಹಿಂದೆ ಬಂದ.

“ಮುಟ್ಟೋಕಾಗಲ್ಲ ಸಾರ್.”

“ಇಷ್ಟು ದಿನ ಮುಟ್ಟಲ್ಲ ಅಂತಿದ್ರಿ,” ಎಂದಳು ಅಜ್ಜಿ ನೆಲದ ಮೇಲೆ ಕಾಲು ಚಾಚಿಕೊಂಡು. “ಇವತ್ತು ಅದೇ ಅನುಕೂಲವಾಯ್ತು ನೋಡಿ.”

ಹೆಂಗಸರು ಘೊಳ್ಳೆಂದು ನಕ್ಕರು. ಕಾವಲುಗಾರನೂ ನಕ್ಕು, ಸಾಹೇಬರನ್ನು ನೋಡಿ ನಿಲ್ಲಿಸಿದ. ಅಮ್ಮ ಒಬ್ಬಳೇ ನಗಲಿಲ್ಲ.

“ಸ್ವಾಮಿ,” ಎಂದಳು ಮೆಟ್ಟಿಲ ಕಡೆ ನೋಡಿ. “ಅವಳ ಅಂಕ ಸಾಕೋ ಇಲ್ವೋ, ಅಷ್ಟು ಹೇಳಿ.”

“ಸಾಕು, ಆದರೆ...”

“ಆದರೆ ಬೇಡ. ಸಾಕು ಅಂದ್ರಲ್ಲ, ತಗೊಳ್ಳಿ. ತಗೊಂಡ ತಕ್ಷಣ ನಾವು ಹೋಗ್ತೀವಿ. ಇಲ್ಲಾಂದ್ರೆ ನಾಳೇನೂ ಬರ್ತೀವಿ, ನಾಡಿದ್ದೂ ಬರ್ತೀವಿ. ನಮಗೆ ಈ ವಾಸನೆ ಅಭ್ಯಾಸ.”

ಸಾಹೇಬರು ಮೂಗು ಮುಚ್ಚಿಕೊಂಡೇ ಏನೋ ಹೇಳಿದರು. ಗುಮಾಸ್ತನಿಗೆ ಅದು “ತಗೋ” ಎಂದು ಕೇಳಿಸಿತು. ಅವನು ಗೀಚಿಯ ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದು ಒಳಗೆಳೆದು ಠಪ್ಪೆಂದು ಮುದ್ರೆ ಒತ್ತಿದ.

ಆಗಲೇ ಯಾರೋ ಬಾಗಿಲು ತಟ್ಟಿದ ಸದ್ದು ಕೇಳಿಸಿತು. ಗಾಳಿ ಬರಲೆಂದು ಆಫೀಸಿನ ಗಾಜಿನ ಬಾಗಿಲನ್ನು ಪೂರ್ತಿ ತೆರೆದಿಟ್ಟಿದ್ದರು. ತೆರೆದ ಬಾಗಿಲನ್ನು ಮೆಲ್ಲಗೆ ತಟ್ಟುತ್ತ ತಯಾರಿ ಚಿಕ್ಕಪ್ಪ ಹೊರಗೆ ನಿಂತಿದ್ದ. ತಟ್ಟುತ್ತಿದ್ದ, ಕಾಯುತ್ತಿದ್ದ, ಮತ್ತೆ ತಟ್ಟುತ್ತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

“ಅಲ್ಲೇನು ಮಾಡ್ತಿದ್ದೀಯ?” ಎಂದಳು ಅಮ್ಮ.

“ಯಾರೂ ಬಾ ಅನ್ನಲಿಲ್ಲ ಅತ್ತಿಗೆ.”

“ಬಾ ಒಳಗೆ.”

ಅವನು ಬಂದ. ಗುಮಾಸ್ತನ ಕಿಟಕಿ, ಸುತ್ತಲಿನ ಗೋಡೆ, ಮೇಲಿನ ದೀಪ ಎಲ್ಲವನ್ನೂ ನೋಡಿದ. ಅಮ್ಮ ಎದ್ದು ಕಿಟಕಿಯ ಕಟ್ಟೆಯ ಮೇಲೆ ಕೈಯೂರಿದಳು. ಕೈಯ ಗುರುತು ಬಿಳಿಯಾಗಿ ಮೂಡಿತು.

“ಇನ್ನೊಂದು ಅರ್ಜಿ ಕೊಡಿ.”

“ಯಾರಿಗೆ?”

“ಇವನಿಗೆ. ವಯಸ್ಸಿನ ಮಿತಿ ಇದೆಯಾ?”

“ಇಲ್ಲ, ಆದರೆ...”

“ನಾನಿನ್ನೂ ತಯಾರಾಗಿಲ್ಲ ಅತ್ತಿಗೆ,” ಎಂದ ಚಿಕ್ಕಪ್ಪ ಗಾಬರಿಯಿಂದ.

“ಬರಿ,” ಎಂದಳು ಅಮ್ಮ.

ಗೀಚಿ ಪೆನ್ನು ಕೊಟ್ಟಳು. ಚಿಕ್ಕಪ್ಪನ ಕೈ ನಡುಗಿತು. ಮೊದಲ ಅಕ್ಷರ ಗೆರೆಯಿಂದ ಹೊರಗೆ ಹೋಯಿತು. ಯಾರೂ ಇನ್ನೊಂದು ಸಲ ಬರೆಯಲು ಹೇಳಲಿಲ್ಲ.

*

ಗೀಚಿಗೆ ಸೀಟು ಸಿಕ್ಕಿತು. ಗಣಿತವೇ ಸಿಕ್ಕಿತು. ಚಿಕ್ಕಪ್ಪನ ಅರ್ಜಿ ವಾಪಸ್ಸು ಬಂತು. ಅಭ್ಯರ್ಥಿಯ ತಯಾರಿ ಅಗತ್ಯಕ್ಕಿಂತ ಹೆಚ್ಚಾಗಿದೆ ಎಂದು ಕಾರಣ ಕೊಟ್ಟಿದ್ದರು. ಅದನ್ನು ಗೀಚಿ ಎರಡು ಸಲ ಓದಿ ಹೇಳಬೇಕಾಯಿತು. ಮೂರನೇ ಸಲ ಚಿಕ್ಕಪ್ಪ ತಾನೇ ಓದಿಕೊಂಡ. ಆಮೇಲೆ ನಗತೊಡಗಿದ. ಅವನು ನಗುವುದನ್ನು ಬೀದಿಯವರು ಕೇಳಿಯೇ ಎಷ್ಟೋ ವರ್ಷವಾಗಿತ್ತು. ಪಕ್ಕದ ಮನೆಯವರು ಏನೋ ಆಗಿಹೋಯಿತೆಂದು ಓಡಿ ಬಂದರು. ಕಾರ್ಯಕ್ರಮದವರು ಅನುಮತಿಯಿಲ್ಲದೆ ನಿಜವಾದ ಬಾಗಿಲು ದಾಟಿದ್ದಕ್ಕಾಗಿ ಅವನ ಹೆಸರು ತೆಗೆದುಹಾಕಿದರು. ಈಗ ಅವನು ವಾರಕ್ಕೊಮ್ಮೆ ಆ ಗುಮಾಸ್ತನ ಕಿಟಕಿಗೆ ಹೋಗಿ ಜಗಳವಾಡುತ್ತಾನೆ. ಜಗಳ ಅವನಿಗೆ ಇನ್ನೂ ಸರಿಯಾಗಿ ಬರುವುದಿಲ್ಲ, ಕಲಿಯುತ್ತಿದ್ದಾನೆ.

ಮನೆ ಹೋಯಿತು. ಮೇಸ್ತ್ರಿ ಪಾತ್ರೆಗಳನ್ನು ಹೊರಗೆ ಇಡಿಸಿದ ದಿನ ಬೀದಿಯ ಹೆಂಗಸರು ಡ್ರಮ್ಮನ್ನು ಉರುಳಿಸಿಕೊಂಡು ಬಂದು, ನದಿಯಾಚೆ ಬಾಡಿಗೆಗೆ ಹಿಡಿದ ಶೆಡ್ಡಿನವರೆಗೆ ತಲುಪಿಸಿದರು. ಅಮ್ಮನಿಗೆ ಆ ಕಡೆಯ ಇನ್ನೊಂದು ಕಾರ್ಖಾನೆಯಲ್ಲಿ ಕೂದಲು ಹೆರೆಯುವ ಕೆಲಸ ಸಿಕ್ಕಿತು. ಅಲ್ಲಿಯೂ ಗುಂಡಿಗೆ ಕಟ್ಟೆ ಇರಲಿಲ್ಲ. ಕಟ್ಟೆ ಕಟ್ಟುವವರೆಗೆ ಗುಂಡಿಯ ಹತ್ತಿರ ಹೋಗುವುದಿಲ್ಲ ಎಂದು ಅವಳು ಮೊದಲ ದಿನವೇ ಹೇಳಿದಳು. ಹುಚ್ಚು ಹೆಂಗಸು ಎಂದರು. ತಿಂಗಳು ಕಳೆಯುವುದರೊಳಗೆ ಕಟ್ಟೆ ಎದ್ದಿತು, ಮೊಣಕಾಲೆತ್ತರ.

ಗೀಚಿಯ ತರಗತಿ ಶುರುವಾದ ಬೆಳಿಗ್ಗೆ ಅವಳೂ ಅಮ್ಮನೂ ಒಟ್ಟಿಗೆ ಹೊರಟರು. ಸೇತುವೆಯವರೆಗೆ ದಾರಿ ಒಂದೇ. ಅಮ್ಮನ ಕೈಯಲ್ಲಿ ಬುತ್ತಿ, ಗೀಚಿಯ ಕೈಯಲ್ಲಿ ಪುಸ್ತಕ. ಸೇತುವೆ ಬಂದಾಗ ಗೀಚಿ ನಿಂತಳು.

“ಅಮ್ಮಾ, ಭಯ ಆಗ್ತಿದೆ.”

“ಆಗ್ಲಿ ಬಿಡು,” ಎಂದಳು ಅಮ್ಮ. ಮಗಳ ಕಾಲರಿಗೆ ಅಂಟಿದ್ದ ಒಂದು ಕೂದಲನ್ನು ತೆಗೆದು ಗಾಳಿಗೆ ಬಿಟ್ಟಳು. “ಸಂಜೆ ಬೇಗ ಬಾ. ನೀರು ಹಿಡಿಯೋದು ಇವತ್ತು ನಿನ್ನ ಪಾಳಿ.”